ಕೊನೆಯ ಗೇಣು

ನಮ್ಮ ಕಾರ್ಖಾನೆಯ ಶಾಪಿನಲ್ಲಿ ಅಪ್ಪ ಅಮ್ಮ ಇಟ್ಟ ಹೆಸರು ಯಾರಿಗೂ ಬಹಳ ದಿನ ಉಳಿಯುವುದಿಲ್ಲ. ಹೊಸಬರು ಗೇಟು ದಾಟಿ ಬಂದ ಸ್ವಲ್ಪ ದಿನಕ್ಕೇ ಯಾರಾದರೂ ಪುಣ್ಯಾತ್ಮರು ಅದನ್ನು ಕಿತ್ತುಹಾಕಿ ಬೇರೊಂದನ್ನು ಅಂಟಿಸಿಬಿಡುತ್ತಾರೆ. ನಾನು ಜಾಲರಿ ಕಿಟಕಿಯ ಹಿಂದೆ ಕೂತು ಸ್ಪ್ಯಾನರು, ಬೋಲ್ಟು, ಒರೆಸುವ ಬಟ್ಟೆ ಕೊಡುವವಳು, ಹಾಗಾಗಿ ಸ್ಟೋರಮ್ಮ. ಮಟ್ಟಣ್ಣನಿಗೆ ಆ ಹೆಸರು ಬಂದದ್ದು ರಸಮಟ್ಟದಿಂದ. ಗಾಜಿನ ಕೊಳವೆಯೊಳಗಿನ ಗುಳ್ಳೆ ನಡುವೆ ನಿಂತರೆ ಮಟ್ಟ ಸರಿಯಿದೆ ಎಂದು ತೋರಿಸುವ ಆ ಸಾಧನವನ್ನು, ಅವನು ನಿಂತು ಕ್ರೇನಿನಿಂದ ಇಳಿಸಿದ ಲೋಡಿನ ಮೇಲೆ ಇಡುವುದನ್ನೇ ಫಿಟ್ಟರುಗಳು ಬಿಟ್ಟುಬಿಟ್ಟಿದ್ದರು. ಹೊಸಬರು ಯಾರಾದರೂ ಅನುಮಾನದಿಂದ ರಸಮಟ್ಟ ಹೊರಗೆ ತೆಗೆದರೆ ಅವನು ಕೋಪಿಸಿಕೊಳ್ಳುತ್ತಿರಲಿಲ್ಲ. ಪಕ್ಕಕ್ಕೆ ಸರಿದು ಕಿವಿ ಕೆರೆದುಕೊಳ್ಳುತ್ತಾ ನಿಲ್ಲುತ್ತಿದ್ದ. ಗುಳ್ಳೆ ನಡುವೆಯೇ ಇರುತ್ತಿತ್ತು. ಆಗ ಅವನ ಮುಖದ ಮೇಲೆ ಮೂಡುವ ಸಣ್ಣ ನಗೆ ಕಂಡರೆ ನನಗೆ ಮೈ ಉರಿಯುತ್ತಿತ್ತು.

ನಾವು ಜೋಡಿಸುವುದು ದೊಡ್ಡ ಗೇರ್‌ಬಾಕ್ಸುಗಳನ್ನು. ದೊಡ್ಡದು ಎಂದರೆ ಕಾರಿನದ್ದಲ್ಲ. ಒಳಗೆ ಒಂದು ಸಂಸಾರ ಹಾಸಿಗೆ ಹಾಸಿಕೊಂಡು ಮಲಗಬಹುದು, ಅಂಥವು. ಅವಕ್ಕೆ ತಳ ಬೇರೆ, ಮುಚ್ಚಳ ಬೇರೆ. ತಳವನ್ನು ನೆಲದ ಮೇಲೆ ಕೂರಿಸಿ, ಹಲ್ಲಿನ ಚಕ್ರಗಳನ್ನೆಲ್ಲ ಒಳಗಿಟ್ಟು, ಕೊನೆಗೆ ಮುಚ್ಚಳವನ್ನು ಕ್ರೇನಿನಲ್ಲಿ ತಂದು ಮೇಲೆ ಇಳಿಸಬೇಕು. ತಳದ ಮೂಲೆಗಳಲ್ಲಿ ಹೆಬ್ಬೆರಳು ಗಾತ್ರದ ಉಕ್ಕಿನ ಗೂಟಗಳಿರುತ್ತವೆ, ಮುಚ್ಚಳದ ಅಂಚಿನಲ್ಲಿ ಅವಕ್ಕೆ ಸರಿಹೊಂದುವ ತೂತುಗಳು. ಗೂಟ ನೇರವಾಗಿ ತೂತಿನೊಳಗೆ ಹೋಗಬೇಕು. ಕೂದಲೆಳೆಯಷ್ಟು ಆಚೀಚೆಯಾದರೂ ಮುಚ್ಚಳ ಗೂಟದ ತಲೆಯ ಮೇಲೆ ಕೂತು ಮುಷ್ಕರ ಹೂಡುತ್ತದೆ.

ಕ್ರೇನು ಇರುವುದು ಚಾವಣಿಯ ಕೆಳಗೆ. ಎರಡೂ ಕಡೆಯ ಗೋಡೆಗಳ ಮೇಲ್ಭಾಗದಲ್ಲಿ ಹಳಿ. ಹಳಿಯಿಂದ ಹಳಿಗೆ ಅಡ್ಡಲಾಗಿ ಉಕ್ಕಿನ ಸೇತುವೆ. ಸೇತುವೆಯ ಮೇಲೆ ಓಡಾಡುವ ಟ್ರಾಲಿ. ಅದರಿಂದ ಜೋತುಬಿದ್ದ ಕೊಕ್ಕೆ. ಸೇತುವೆಯ ಒಂದು ತುದಿಗೆ ಗಾಜಿನ ಕ್ಯಾಬಿನ್ನು, ಅದರಲ್ಲಿ ಆಪರೇಟರು. ಮೇಲೆ ಕೂತವರಿಗೆ ಲೋಡಿನ ನೆತ್ತಿ ಕಾಣುತ್ತದೆ, ಪಾದ ಕಾಣುವುದಿಲ್ಲ. ಪಾದ ನೋಡಲೆಂದೇ ನೆಲದ ಮೇಲೆ ಒಬ್ಬ ಸಿಗ್ನಲ್‌ನವನಿರುತ್ತಾನೆ. ಅವನ ಕೈ ಹೇಳಿದ್ದನ್ನು ಮೇಲಿನವರು ಮಾಡಬೇಕು. ಮಟ್ಟಣ್ಣನ ಉದ್ಯೋಗ ಅದು.

ಶಾಪಿನ ಗದ್ದಲದಲ್ಲಿ ಬಾಯಿ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ತೋರುಬೆರಳನ್ನು ಮೇಲಕ್ಕೆ ಮಾಡಿ ಸುತ್ತಿದರೆ ಎತ್ತು, ಕೆಳಕ್ಕೆ ಮಾಡಿ ಸುತ್ತಿದರೆ ಇಳಿಸು, ತೋಳು ಚಾಚಿ ಅಂಗೈಯನ್ನು ನೆಲದ ಕಡೆ ಮಾಡಿದರೆ ನಿಲ್ಲಿಸು. ಮಟ್ಟಣ್ಣನ ಕೈಗೆ ಈ ಭಾಷೆ ಎಷ್ಟು ಅಭ್ಯಾಸವಾಗಿತ್ತೆಂದರೆ ಮನೆಯಲ್ಲೂ ನೀರು ಬೇಕಾದರೆ ಬೆರಳು ಸುತ್ತುತ್ತಿದ್ದ. ನನ್ನ ಮನೆಗೂ ಅವನ ಮನೆಗೂ ನಡುವೆ ಇರುವುದು ಒಂದೇ ಗೋಡೆ. "ನಾನೇನು ನಿಮ್ಮ ಕ್ರೇನಾ? ಬಾಯಿಬಿಟ್ಟು ಕೇಳಿ" ಎಂದು ಅವನ ಹೆಂಡತಿ ಹೊಲಿಗೆ ಯಂತ್ರದ ಮುಂದೆ ಕೂತು ಗದರುವುದು ನನಗೆ ದಿನವೂ ಕೇಳುತ್ತಿತ್ತು.

ಇಷ್ಟು ಚೊಕ್ಕ ಕೆಲಸದವನಿಗೆ ಒಂದು ಚಟ. ಮುಚ್ಚಳ ಇಳಿಯುತ್ತಾ ಇಳಿಯುತ್ತಾ ತಳಕ್ಕೆ ಇನ್ನೊಂದು ಗೇಣು ಇದೆ ಎನ್ನುವಾಗ ಅವನ ಎಡಗೈ ತಾನಾಗಿ ಹೋಗಿ ಅದರ ಅಂಚನ್ನು ಹಿಡಿಯುತ್ತಿತ್ತು. ಅಂಗೈ ಪಕ್ಕಕ್ಕೆ, ಬೆರಳ ತುದಿಗಳು ಅಂಚಿನ ಕೆಳಗೆ. ಬಲಗೈ ಇಳಿಸು ಇಳಿಸು ಎನ್ನುತ್ತಿದ್ದರೆ ಎಡಗೈ ಆ ಉಕ್ಕಿನ ಗುಡ್ಡವನ್ನು ಒಂದಿಷ್ಟು ಇತ್ತ, ಒಂದಿಷ್ಟು ಅತ್ತ ನೂಕಿ ಗೂಟದ ಮೇಲೆ ತರುತ್ತಿತ್ತು. ತೂಗುತ್ತಿರುವ ಲೋಡು ಎಷ್ಟೇ ಭಾರವಿರಲಿ, ಅಂಗೈಯ ಮಾತು ಕೇಳುತ್ತದೆ. ಅದು ಕೂರುವ ಕ್ಷಣಕ್ಕೆ ಸರಿಯಾಗಿ ಅವನು ಬೆರಳು ಎಳೆದುಕೊಳ್ಳುತ್ತಿದ್ದ. ನೋಡುವವರಿಗೆ ಅದೊಂದು ಕೈಚಳಕ. ನಾನಂತೂ ಆ ಹೊತ್ತಿಗೆ ಬೋಲ್ಟು ಎಣಿಸುತ್ತಾ ತಲೆ ತಗ್ಗಿಸುತ್ತಿದ್ದೆ.

ಲೋಡಿಗೆ ಯಾರೂ ಕೈ ಹಚ್ಚಬಾರದು ಎಂದು ಗೋಡೆಯ ಮೇಲೆ ಕೆಂಪಕ್ಷರದಲ್ಲಿ ಬರೆದಿತ್ತು. ದೂರದಿಂದಲೇ ನೂಕಲು ಒಂದು ಉದ್ದನೆಯ ಕೋಲನ್ನೂ ಕೊಟ್ಟಿದ್ದರು. ಮಟ್ಟಣ್ಣ ಅದನ್ನು ಕಂಬಕ್ಕೆ ಒರಗಿಸಿ, ತುದಿಗೆ ತನ್ನ ಊಟದ ಚೀಲ ನೇತುಹಾಕಿದ್ದ. "ಇಲಿ ಮುಟ್ಟಲ್ಲ ನೋಡು, ಬಹಳ ಉಪಯೋಗದ ಸಾಮಾನು" ಎನ್ನುತ್ತಿದ್ದ. ಮೇಲೆ ಕೂರುತ್ತಿದ್ದ ಹಳೆಯ ಆಪರೇಟರು ಗೊಣಗಪ್ಪ ಪ್ರತಿ ಸಲವೂ ಗೊಣಗುತ್ತಾ, ಪ್ರತಿ ಸಲವೂ ಇಳಿಸುತ್ತಿದ್ದ. ಹೀಗೆ ಗೊಣಗುತ್ತಾ ಇಳಿಸುತ್ತಾ ಅವನು ನಿವೃತ್ತನಾದ.

ಅವನ ಜಾಗಕ್ಕೆ ಬಂದವಳು ಮಟ್ಟಣ್ಣನ ಸೊಸೆ.

ಮದುವೆಗೆ ಮುಂಚೆಯೇ ಅವಳು ಇನ್ನೊಂದು ಕಾರ್ಖಾನೆಯಲ್ಲಿ ಕ್ರೇನ್ ನಡೆಸುತ್ತಿದ್ದಳು. ಅದು ಮುಚ್ಚಿಹೋದ ಮೇಲೆ ಮನೆಯಲ್ಲಿ ಅತ್ತೆ ಹೊಲಿದ ಬಟ್ಟೆಗಳಿಗೆ ಗುಂಡಿ ಹಚ್ಚಿಕೊಂಡಿದ್ದಳು. ಗಂಡ ದೂರದ ಊರುಗಳ ನಡುವಿನ ಬಸ್ಸಿನ ಡ್ರೈವರು. ಮನೆಯಲ್ಲಿ ಮಲಗಿರುವಷ್ಟು ಹೊತ್ತು ಇರುತ್ತಿದ್ದ. ಸೊಸೆಯ ಬಾಯಿಂದ ಮಾತು ಹೊರಡಿಸಬೇಕಾದರೆ ಅದೇ ಒಂದು ಕೆಲಸ. ಮಾವ ಒಳಗೆ ಬಂದರೆ ಎದ್ದು ನಿಲ್ಲುವಳು, ಕೇಳಿದ್ದಕ್ಕೆ ಹೂಂ, ಉಹೂಂ. ಮಟ್ಟಣ್ಣನೇ ಮೇಲಧಿಕಾರಿಗಳ ಹತ್ತಿರ ಓಡಾಡಿ ಅವಳನ್ನು ಇಲ್ಲಿಗೆ ಸೇರಿಸಿದ. "ಹಸುವಿನಂಥ ಹುಡುಗಿ, ಹೇಳಿದ ಹಾಗೆ ಕೇಳ್ತಾಳೆ" ಎಂದು ಶಾಪಿನಲ್ಲೆಲ್ಲ ಹೇಳಿಕೊಂಡು ಬಂದ. ವಾರ ಕಳೆಯುವುದರೊಳಗೆ ಫೋರ್‌ಮನ್ ಸಮೇತ ಎಲ್ಲರಿಗೂ ಅವಳು ಸೊಸೆಯೇ ಆದಳು.

ಮೊದಲ ದಿನ ಅವಳ ಕೆಲಸ ನೋಡಲು ಕೈಯಲ್ಲಿ ಕೆಲಸವಿಲ್ಲದವರೆಲ್ಲ ನೆರೆದಿದ್ದರು, ಕೆಲಸವಿದ್ದವರೂ ಬಂದಿದ್ದರು. ಕೊಕ್ಕೆ ಲೋಡಿನ ತೂಕದ ನಡುವಿಗೆ ನೆಟ್ಟಗೆ ಮೇಲೆ ಇಲ್ಲದಿದ್ದರೆ ಎತ್ತಿದ ತಕ್ಷಣ ಲೋಡು ಪಕ್ಕಕ್ಕೆ ಎಗರುತ್ತದೆ. ಸೊಸೆ ಕೊಕ್ಕೆಯನ್ನು ತಂದಳು, ನಿಲ್ಲಿಸಿದಳು, ತುಸು ಹಿಂದಕ್ಕೆ ಸರಿಸಿದಳು. ಉಕ್ಕಿನ ಹಗ್ಗಗಳು ಬಿಗಿಯಾಗುವಷ್ಟು ಮಾತ್ರ ಎತ್ತಿ ಮತ್ತೆ ನೋಡಿದಳು. ಆಮೇಲೆ ಎತ್ತಿದಾಗ ಮುಚ್ಚಳ ನೆಲದಿಂದ ಬಿಟ್ಟದ್ದೇ ತಿಳಿಯಲಿಲ್ಲ. ದಾರಿಯಲ್ಲಿ ಅದು ತೂಗತೊಡಗಿತು. ಅನುಭವವಿಲ್ಲದವರು ಆಗ ಗಾಬರಿಯಿಂದ ಬ್ರೇಕು ಹಾಕಿ ತೂಗಾಟವನ್ನು ಇನ್ನಷ್ಟು ಹೆಚ್ಚಿಸುತ್ತಾರೆ. ಅವಳು ಲೋಡು ಯಾವ ಕಡೆ ತೂಗಿತೋ ಆ ಕಡೆಗೇ ಕ್ರೇನನ್ನು ಒಂದಿಷ್ಟು ಓಡಿಸಿ ಅದರ ತಲೆಯ ಮೇಲೆ ಹೋಗಿ ನಿಂತಳು. ತೂಗಾಟ ಸತ್ತುಹೋಯಿತು. ಮಟ್ಟಣ್ಣ ನಮ್ಮೆಲ್ಲರ ಮುಖ ಒಂದೊಂದಾಗಿ ನೋಡಿದ. ತಾನೇ ಹೆತ್ತ ಮಗಳೋ ಎಂಬಂತೆ ಎದೆ ಉಬ್ಬಿಸಿಕೊಂಡಿದ್ದ.

ಮುಚ್ಚಳ ತಳದ ಮೇಲೆ ಬಂತು, ಇಳಿಯಿತು, ಕೊನೆಯ ಗೇಣಿಗೆ ಬಂತು. ಎಡಗೈ ಅಂಚಿಗೆ ಹೋಯಿತು. ಲೋಡು ನಿಂತಿತು.

ಬಲಗೈ ಇಳಿಸು ಎಂದಿತು. ಲೋಡು ಇಳಿಯಲಿಲ್ಲ. ಮೇಲಿನಿಂದ ಹಾರ್ನ್ ಒಂದು ಸಲ ಕೂಗಿತು. ಬ್ರೇಕಿನಲ್ಲಿ ಏನೋ ದೋಷವೆಂದು ಮಟ್ಟಣ್ಣ ಎಡಗೈ ತೆಗೆದು ಮೇಲೆ ನೋಡಿದ. ಲೋಡು ಇಳಿಯತೊಡಗಿತು. ಮತ್ತೆ ಕೈ ಇಟ್ಟ, ಮತ್ತೆ ನಿಂತಿತು. ಬ್ರೇಕಿನ ದೋಷವಲ್ಲ ಎನ್ನುವುದು ಅವನಿಗಿಂತ ಮೊದಲು ನಮಗೆಲ್ಲ ತಿಳಿಯಿತು, ನಾವು ತುಟಿ ಕಚ್ಚಿ ನಗು ತಡೆದುಕೊಂಡೆವು.

ಆ ಸಂಜೆ ಹಿಟ್ಟಿನ ಜರಡಿ ಕೇಳುವ ನೆಪದಲ್ಲಿ ನಾನು ಅವರ ಮನೆಗೆ ಹೋದೆ. ಜರಡಿ ನನ್ನ ಮನೆಯಲ್ಲಿ ಎರಡಿವೆ. ಮಟ್ಟಣ್ಣ ಕುರ್ಚಿಯಲ್ಲಿದ್ದ, ಸೊಸೆ ಬಾಗಿಲಿಗೆ ಒರಗಿ ನೆಲ ನೋಡುತ್ತಿದ್ದಳು.

"ಮಾವ, ಲೋಡಿಗೆ ಕೈ ಇಡ್ಬೇಡಿ" ಎಂದಳು. ಅಷ್ಟು ಉದ್ದದ ವಾಕ್ಯವನ್ನು ಅವಳು ಅವನ ಎದುರಿಗೆ ಆಡಿದ್ದು ಅದೇ ಮೊದಲಿರಬೇಕು.

"ನೀನು ಹುಟ್ಟೋಕೆ ಮುಂಚಿನಿಂದ ಇಡ್ತಾ ಇದೀನಮ್ಮ."

"ಕೈ ಇದ್ರೆ ನಾನು ಇಳಿಸಲ್ಲ."

ಹೊಲಿಗೆ ಯಂತ್ರ ನಿಂತಿತು. "ಯಾವ ಕೈ? ಎಲ್ಲಿಡೋದು?" ಎಂದಳು ಅತ್ತೆ.

"ಏನಿಲ್ಲ, ಕೆಲಸದ ವಿಷಯ" ಎಂದ ಮಟ್ಟಣ್ಣ. ಸೊಸೆಯೂ "ಏನಿಲ್ಲ ಅತ್ತೆ" ಎಂದಳು. ಅದೊಂದರಲ್ಲಿ ಮಾವ ಸೊಸೆ ಇಬ್ಬರೂ ಒಂದೇ. ಹೆಂಡತಿಗೆ ಗೊತ್ತಾದರೆ ಮರುದಿನವೇ ಬಂದು ಗೇಟಿನ ಮುಂದೆ ಕೂರುತ್ತಾಳೆ ಎಂಬುದು ಮಟ್ಟಣ್ಣನಿಗೆ ಚೆನ್ನಾಗಿ ಗೊತ್ತಿತ್ತು.

ಕೆಲವು ವಾರ ಹೀಗೇ ನಡೆಯಿತು. ಕೈ ಅಂಚಿಗೆ ಹೋದಾಗ ಲೋಡು ನಿಲ್ಲುವುದು, ಕೈ ಹಿಂದೆ ಬಂದಾಗ ಇಳಿಯುವುದು. ಮಟ್ಟಣ್ಣ ಬುದ್ಧಿವಂತ. ಅವನು ಜಾಗ ಬದಲಿಸಿದ. ಕ್ಯಾಬಿನ್ನಿನಿಂದ ನೋಡಿದರೆ ಮುಚ್ಚಳದ ಹಿಂದಿನ ಮೂಲೆ ಮರೆಯಾಗುತ್ತದೆ. ಅಲ್ಲಿ ಓರೆಯಾಗಿ ನಿಂತು ಬಲಗೈಯನ್ನು ಮಾತ್ರ ಅವಳಿಗೆ ಕಾಣಿಸುತ್ತಿದ್ದ. ಎಡಗೈ ಮುಚ್ಚಳದ ಹಿಂದೆ ತನ್ನ ಹಳೆಯ ಕೆಲಸ ಮಾಡಿಕೊಂಡಿರುತ್ತಿತ್ತು. ಹೇಗೂ ಇಡುವ ಕೈಯನ್ನು ಅದನ್ನು ನೋಡಬೇಕಾದವಳಿಂದಲೇ ಮುಚ್ಚಿಟ್ಟ ಹಾಗಾಯಿತು. ಮುಂಚೆ ಗೊಣಗಪ್ಪನಿಗೆ ಕೈ ಎಲ್ಲಿದೆ ಎಂದಾದರೂ ಗೊತ್ತಿರುತ್ತಿತ್ತು. ಇಂಥ ದಡ್ಡತನ ಮಾಡಲು ಬುದ್ಧಿವಂತರೇ ಆಗಬೇಕು. ನಾನು ಅದನ್ನು ಅವನ ಮುಖಕ್ಕೇ ಹೇಳಿದೆ. ಅವನು ಕಣ್ಣು ಮಿಟುಕಿಸಿ, ಒರೆಸುವ ಬಟ್ಟೆ ತೆಗೆದುಕೊಂಡು ಹೋದ.

ಸೊಸೆ ಅದನ್ನೂ ಹಿಡಿದಳು. ಸಿಗ್ನಲ್ ಇಲ್ಲದೆ ಲೋಡು ಪಕ್ಕಕ್ಕೆ ಸರಿದರೆ ಹಗ್ಗಗಳ ಬಿಗಿ ಬದಲಾಗುವುದು ಮೇಲೆ ಕೂತವರಿಗೆ ಕಾಣುತ್ತದಂತೆ. "ಲೋಡು ತಾನಾಗೇ ಸರಿಯಲ್ಲ ಅಕ್ಕ" ಎಂದು ನನ್ನ ಕಿಟಕಿಗೆ ಬಂದು ಹೇಳಿದಳು. ಮುಖ ಬಿಳಿಚಿಕೊಂಡಿತ್ತು. "ನಾನು ಕೈ ಇಲ್ಲ ಅಂದ್ಕೊಂಡು ಇಳಿಸಿಬಿಟ್ಟಿದೀನಿ. ಎಷ್ಟು ಸಲ ಇಳಿಸಿದೀನೋ ಗೊತ್ತಿಲ್ಲ." ನೀರು ಕುಡಿ ಎಂದು ನಾನು ಲೋಟ ಕೊಟ್ಟೆ. ಕುಡಿಯದೆ ಹಾಗೇ ಹಿಡಿದುಕೊಂಡು ನಿಂತಿದ್ದಳು.

ಅದಾದ ಮೇಲೆ ಬಂದದ್ದು ಆ ವರ್ಷದ ಅತಿ ದೊಡ್ಡ ಗೇರ್‌ಬಾಕ್ಸು. ಅದನ್ನು ಕೊಳ್ಳುವವರು ಮುಚ್ಚಳ ಕೂರುವುದನ್ನು ಕಣ್ಣಾರೆ ನೋಡಬೇಕೆಂದು ಹೊಸ ಹೆಲ್ಮೆಟ್ಟು ಹಾಕಿಕೊಂಡು ಸಾಲಾಗಿ ನಿಂತಿದ್ದರು. ಮ್ಯಾನೇಜರು ಅವರ ಪಕ್ಕದಲ್ಲಿ ನಗುತ್ತಾ, ಫೋರ್‌ಮನ್ ಮ್ಯಾನೇಜರ ಪಕ್ಕದಲ್ಲಿ ಬೆವರುತ್ತಾ ನಿಂತಿದ್ದರು. ಮುಚ್ಚಳ ಚಾವಣಿಯ ಕೆಳಗೆ ಹೂವಿನ ಹಾಗೆ ಬಂತು. ಮಟ್ಟಣ್ಣ ಹಿಂದಿನ ಮೂಲೆಗೆ ಹೋಗಿ ಓರೆಯಾಗಿ ನಿಂತ. ಕೊನೆಯ ಗೇಣಿಗೆ ಎಲ್ಲ ನಿಂತಿತು.

ಬಲಗೈ ಇಳಿಸು ಎಂದಿತು. ಮತ್ತೆ ಹೇಳಿತು. ಮೂರನೆಯ ಸಲ ಬೆರಳು ಸಿಟ್ಟಿನಿಂದ ಸುತ್ತಿತು.

"ಏನಮ್ಮಾ, ಏನಾಯ್ತು? ಬ್ರೇಕಾ?" ಎಂದು ಫೋರ್‌ಮನ್ ಕೂಗಿದರು. ಅಷ್ಟು ಹೊತ್ತಿಗೆ ಎಲ್ಲರೂ ತಮ್ಮ ತಮ್ಮ ಯಂತ್ರ ನಿಲ್ಲಿಸಿ ಬಂದಿದ್ದರಿಂದ ಶಾಪಿನಲ್ಲಿ ಅಪರೂಪಕ್ಕೆ ಮಾತು ಕೇಳುವಷ್ಟು ನಿಶ್ಶಬ್ದವಿತ್ತು.

ಸೊಸೆ ಗಾಜು ಸರಿಸಿದಳು. "ಬ್ರೇಕ್ ಸರಿ ಇದೆ ಸಾರ್. ಮಾವನ ಎಡಗೈ ಕಾಣ್ತಿಲ್ಲ."

"ಎಡಗೈ ತಗೊಂಡು ಏನ್ಮಾಡ್ತೀಯಮ್ಮಾ? ಬಲಗೈಲಿ ಸಿಗ್ನಲ್ ಕೊಡ್ತಿದಾರಲ್ಲ!"

"ಎರಡೂ ಕಾಣ್ಲಿ ಸಾರ್. ಇಳಿಸ್ತೀನಿ."

ಹೊಸ ಹೆಲ್ಮೆಟ್ಟುಗಳ ಸಾಲಿನಲ್ಲಿ ಒಬ್ಬ ನಕ್ಕ. ಫೋರ್‌ಮನ್ನರಿಗೆ ಪಿತ್ತ ನೆತ್ತಿಗೇರಿತು. "ಹಾಗಾದ್ರೆ ನೀನು ಕೆಳಗಿಳಿ, ಬೇರೆಯವರು ಹತ್ತಲಿ."

"ಲೋಡ್ ನೇತಾಡ್ತಿರುವಾಗ ಆಪರೇಟರ್ ಕ್ಯಾಬಿನ್ ಬಿಡೋ ಹಾಗಿಲ್ಲ ಸಾರ್."

ನಿಯಮ ಅದೇ, ಅವರ ಬೆನ್ನ ಹಿಂದಿನ ಗೋಡೆಯಲ್ಲೇ ಬರೆದಿತ್ತು. ಲೋಡನ್ನು ಪಕ್ಕಕ್ಕೆ ಒಯ್ದು ನೆಲಕ್ಕಿಡೋಣವೆಂದರೆ ಅದಕ್ಕೂ ಮಟ್ಟಣ್ಣನ ಸಿಗ್ನಲ್ಲೇ ಬೇಕು. ಸಿಗ್ನಲ್ಲನ್ನು ಬೇರೆಯವರಿಗೆ ವಹಿಸೋಣವೆಂದರೆ ಅವನು ಆ ಮೂಲೆ ಬಿಟ್ಟು ಕದಲುತ್ತಿಲ್ಲ. ಮೇಲಿನವಳು ಇಳಿಯುವ ಹಾಗಿಲ್ಲ, ಕೆಳಗಿನವನು ಸರಿಯುವುದಿಲ್ಲ, ನಡುವೆ ಆ ವರ್ಷದ ಅತಿ ದೊಡ್ಡ ಮುಚ್ಚಳ. ನನಗೆ ಇಬ್ಬರ ಮೇಲೂ ಸಿಟ್ಟು ಬಂತು. ಕಿಟಕಿ ಬಿಟ್ಟು ಎದ್ದುಹೋಗಿ ಮಟ್ಟಣ್ಣನಿಂದ ತುಸು ದೂರದಲ್ಲಿ ನಿಂತೆ.

"ತೆಗೀಬಾರ್ದಾ ಕೈನ?"

"ಎಲ್ಲರ ಮುಂದೆ ಮರ್ಯಾದೆ ಕಳೀತಿದಾಳೆ ಸ್ಟೋರಮ್ಮ. ಮನೇಲಿ ಮುಖ ಎತ್ತಿ ಮಾತಾಡದೋಳು."

"ತೆಗೆದ್ರೆ ಮುಗೀತಲ್ಲ."

"ಈಗ ತೆಗೆದ್ರೆ ಇಷ್ಟೊತ್ತು ಅಲ್ಲಿ ಇಟ್ಕೊಂಡಿದ್ದೆ ಅಂತ ಒಪ್ಕೊಂಡ ಹಾಗಾಗುತ್ತೆ" ಎಂದ. ಅವನ ಹಣೆಯಿಂದ ಬೆವರು ಇಳಿಯುತ್ತಿತ್ತು. ಅವನು ಹೇಳಿದ್ದು ನಿಜವೂ ಆಗಿತ್ತು.

ಆಗ ಮೇಲಿನಿಂದ ಅವಳ ದನಿ ಬಂತು. ಗಟ್ಟಿಯಾಗಿ ಮಾತಾಡಿ ಅಭ್ಯಾಸವಿಲ್ಲದ ದನಿ, ನಡುವೆ ಬಿರುಕು ಬಿಟ್ಟಿತು. "ಮಾವಾ, ನಿಮ್ಮ ಕೈಗೆ ಏನಾದ್ರೂ ಆದ್ರೆ ಇಳಿಸಿದೋಳು ನಾನಾಗ್ತೀನಿ. ಆಮೇಲೆ ಆ ಮನೆಯೊಳಗೆ ಅತ್ತೆ ಮುಂದೆ ಹೇಗೆ ನಿಂತ್ಕೊಳ್ಲಿ? ನನಗೆ ಭಯ ಆಗುತ್ತೆ. ನಾನು ಇಳಿಸಲ್ಲ."

ಮಟ್ಟಣ್ಣ ಸ್ವಲ್ಪ ಹೊತ್ತು ಮುಚ್ಚಳದ ಅಂಚನ್ನೇ ನೋಡುತ್ತಿದ್ದ. ಆಮೇಲೆ ಎಡಗೈ ಹೊರಗೆ ಬಂತು. ಪೊಲೀಸರಿಗೆ ಸಿಕ್ಕಿಬಿದ್ದವನ ಹಾಗೆ ಎರಡೂ ಕೈ ಮೇಲೆತ್ತಿ ಒಂದು ಹೆಜ್ಜೆ ಹಿಂದೆ ಸರಿದ. ಯಾರೋ ಕಿಸಕ್ಕನೆ ನಕ್ಕರು. ಆಮೇಲೆ ಬಲಗೈ ಇಳಿಸಿ ಬೆರಳು ಸುತ್ತಿದ. ಲೋಡು ಇಳಿಯಿತು.

ಮೊದಲ ಸಲಕ್ಕೆ ಅದು ಕೂರಲಿಲ್ಲ. ಒಂದು ಗೂಟದ ತಲೆಗೆ ಸಿಕ್ಕಿಕೊಂಡಿತು. ಎತ್ತಿ, ಕ್ರೇನನ್ನು ಎಳ್ಳಷ್ಟು ಸರಿಸಿ ಮತ್ತೆ ಇಳಿಸಿದರು, ಮತ್ತೆ ಸಿಕ್ಕಿಕೊಂಡಿತು. ಅತಿಥಿಗಳು ಆಕಳಿಸಿದರು. ಊಟದ ಚೀಲ ತೆಗೆದಿಟ್ಟು ಆ ಕೋಲನ್ನು ತಂದು ಫಿಟ್ಟರೊಬ್ಬ ದೂರದಿಂದ ನೂಕಿದ ಮೇಲೆ ಅಂತೂ ಕೂತಿತು. ಮಟ್ಟಣ್ಣನ ಅಂಗೈ ಇದ್ದಿದ್ದರೆ ಮೊದಲ ಸಲಕ್ಕೇ ಕೂರುತ್ತಿತ್ತು, ಇದನ್ನು ನಾನು ಮುಚ್ಚಿಡುವುದಿಲ್ಲ. ಅವನ ಕೈಗೂ ಬಹುಶಃ ಏನೂ ಆಗುತ್ತಿರಲಿಲ್ಲ. ಅಷ್ಟು ವರ್ಷ ಏನೂ ಆಗಿರಲಿಲ್ಲವಲ್ಲ. ಈ ಚಟದ ಕಷ್ಟವೇ ಅದು.

ಮರುದಿನ ಅವನು ಫೋರ್‌ಮನ್ನರನ್ನು ಕಂಡು ಪಕ್ಕದ ಶಾಪಿಗೆ ಹಾಕಿಸಿಕೊಂಡ. ಅಲ್ಲಿಯ ಕ್ರೇನ್ ನಡೆಸುವವನ ಅಡ್ಡಹೆಸರು ಆಯ್ತಣ್ಣ. ಯಾರು ಏನು ಹೇಳಿದರೂ "ಆಯ್ತಣ್ಣ" ಅನ್ನುವವನು. ಎತ್ತು ಎಂದರೆ ಆಯ್ತಣ್ಣ, ಬಿಡು ಎಂದರೆ ಆಯ್ತಣ್ಣ. ಅವನೊಂದಿಗೆ ಯಾರಿಗೂ ಜಗಳವಾದದ್ದಿಲ್ಲ.

ಮನೆಯಲ್ಲಿ ಮಾವ ಸೊಸೆ ನಡುವೆ ಮಾತು ಮುಂಚೆಯೂ ಕಡಿಮೆ, ಈಗ ಅದೂ ಇಲ್ಲ. "ಇವರಿಬ್ಬರಿಗೂ ಏನು ಬಡಿದಿದೆ? ನಿನಗೇನಾದರೂ ಗೊತ್ತಾ?" ಎಂದು ಅವನ ಹೆಂಡತಿ ನನ್ನನ್ನು ಕೇಳಿದಳು. ನಾನು ಒಗೆದ ಬಟ್ಟೆ ಹಿಂಡುವುದರಲ್ಲಿ ಮಗ್ನಳಾದೆ.

ಸೊಸೆ ಮಾತ್ರ ದಿನಕ್ಕೊಮ್ಮೆ ನನ್ನ ಕಿಟಕಿಗೆ ಬಂದು ನಿಲ್ಲತೊಡಗಿದಳು. ಏನು ಬೇಕು ಎಂದರೆ ಏನೂ ಬೇಡ.

"ಮಾವ ನನ್ನಿಂದ ಅಲ್ಲಿಗೆ ಹೋದ್ರಾ ಅಕ್ಕ?"

"ಹೌದು" ಎಂದೆ. ಅಡ್ಡಮಾತು ಆಡಿ ಏನು ಪ್ರಯೋಜನ?

"ಅಲ್ಲೂ ಕೈ ಇಡ್ತಾರೆ. ಇಲ್ಲೇ ಇದ್ದಿದ್ರೆ ನನ್ನ ಕಣ್ಣ ಮುಂದಾದ್ರೂ ಇರ್ತಿದ್ರು. ನಾನು ಅವತ್ತು ಇಳಿಸಿಬಿಡ್ಬೇಕಿತ್ತಾ?" ಎಂದಳು.

ಕೆಲಸ ನೋಡ್ಕೊ ಹೋಗು ಎಂದು ಗದರಿ ಕಳಿಸಿದೆ. ಅವಳು ಏಣಿ ಹತ್ತುವುದನ್ನು ನೋಡುವಾಗ, ಯಾಕೆ ಗದರಿದೆನೋ ಎಂದು ನನಗೇ ಬೇಜಾರಾಯಿತು.

ಇದಾಗಿ ಹೆಚ್ಚು ದಿನವಾಗಿರಲಿಲ್ಲ. ಒಂದು ಬೆಳಿಗ್ಗೆ, ಕೆಲಸ ಆಗಷ್ಟೇ ಬಿಸಿಯೇರಿದ್ದ ಹೊತ್ತಿಗೆ, ಮಟ್ಟಣ್ಣ ಪಕ್ಕದ ಶಾಪಿನಿಂದ ನಡೆದು ಬಂದು ಜಾಲರಿಗೆ ಒರಗಿ ನಿಂತ.

"ಒಂದು ಜೊತೆ ಕೈಗವಸು ಕೊಡು."

"ಹಳೇದು ವಾಪಸ್ ಕೊಡು" ಎಂದೆ. ಹಳೆಯದು ಕೊಡದೆ ಹೊಸದು ಕೊಡುವ ಪದ್ಧತಿ ನಮ್ಮಲ್ಲಿಲ್ಲ. ನಾನಂತೂ ಮ್ಯಾನೇಜರಿಗೂ ಕೊಟ್ಟವಳಲ್ಲ.

ಅವನು ಬಲಗೈಯ ಗವಸು ಬಿಚ್ಚಿ ಕಟ್ಟೆಯ ಮೇಲಿಟ್ಟ.

"ಇನ್ನೊಂದು?"

"ಮುಚ್ಚಳದ ಕೆಳಗಿದೆ."

ಅವನ ತಮಾಷೆಗಳು ನನಗೆ ಹೊಸದಲ್ಲ. ಆದರೆ ಮುಖ ನೋಡಿದರೆ ತಮಾಷೆಯಿರಲಿಲ್ಲ. ಎಡಗೈಯನ್ನು ಹೊಟ್ಟೆಗೆ ಒತ್ತಿ ಹಿಡಿದಿದ್ದ. ತೋರಿಸು ಎಂದೆ. ಬೆರಳುಗಳೆಲ್ಲ ಇದ್ದವು. ನಡುಬೆರಳ ತುದಿಯ ಚರ್ಮ ಕೆಂಪಗೆ ತರಚಿಹೋಗಿತ್ತು, ಅಷ್ಟೆ. ಕೈಯನ್ನು ಮತ್ತೆ ಹೊಟ್ಟೆಗೆ ಒತ್ತಿಕೊಂಡ.

"ಕೈ ಜಾರಿ ಹೊರಗೆ ಬಂತು. ಗವಸು ಬರ್ಲಿಲ್ಲ" ಎಂದ.

"ಆಯ್ತಣ್ಣ ನಿಲ್ಲಿಸ್ಲಿಲ್ವಾ?"

"ಅವನಿಗೇನೂ ಗೊತ್ತೇ ಇಲ್ಲ. ಮುಚ್ಚಳ ಕೂತಿದ್ದು ನೋಡಿ ಮೇಲಿಂದ ಹೆಬ್ಬೆರಳು ಎತ್ತಿ ತೋರಿಸ್ದ. ಮುಂಚೆ ಎಲ್ಲ ಸರಿಯಾಗಿ ಎಳ್ಕೊಳ್ತಿದ್ದೆ ಸ್ಟೋರಮ್ಮ. ಇವತ್ತು ಎಳ್ಕೊಳ್ಲಿಲ್ಲ. ಯಾಕೆ ಗೊತ್ತಾ? ಲೋಡ್ ನಿಲ್ಲುತ್ತೆ ಅಂತ ಕಾಯ್ತಿದ್ದೆ. ನನಗೇ ಗೊತ್ತಿಲ್ಲದ ಹಾಗೆ ಕಾಯ್ತಿದ್ದೆ."

ನಾನು ಹೊಸ ಜೊತೆ ತೆಗೆದುಕೊಟ್ಟೆ. ಒಂದೇ ಗವಸು ವಾಪಸ್ ಪಡೆದು ಎರಡು ಕೊಟ್ಟದ್ದು ನನ್ನ ಜೀವಮಾನದಲ್ಲಿ ಅದೊಂದೇ ಸಲ. ಅವನು ಹೊರಟವನು ತಿರುಗಿ, "ಮನೇಲಿ ಹೇಳ್ಬೇಡ" ಎಂದ. ಹೇಳಲ್ಲ ಎಂದೆ.

ಮರುದಿನ ನಮ್ಮ ಶಾಪಿನ ಏಣಿಯ ಬುಡದಲ್ಲಿ ನಿಂತಿದ್ದ. ಸೊಸೆ ಹೆಲ್ಮೆಟ್ಟಿನ ಪಟ್ಟಿ ಬಿಗಿದುಕೊಳ್ಳುತ್ತಾ ಬಂದವಳು ಅವನನ್ನು ಕಂಡು ಥಟ್ಟನೆ ನಿಂತಳು.

"ಮಾವ? ಇಲ್ಲಿ?"

"ಫೋರ್‌ಮನ್‌ಗೆ ಹೇಳಿ ಬಂದೆ."

"ಅಲ್ಲಿ ಏನಾದ್ರೂ ಆಯ್ತಾ?"

ಮಟ್ಟಣ್ಣ ನನ್ನ ಕಡೆ ನೋಡಿದ. ನಾನು ಬೋಲ್ಟಿನ ಡಬ್ಬದೊಳಗೆ ಮುಖ ಹಾಕಿದೆ. ಸೊಸೆ ಅವನ ಮುಖ ಬಿಟ್ಟು ಕೈಗಳನ್ನು ನೋಡುತ್ತಿದ್ದಳು. ಎಣ್ಣೆ ಮಸಿ ಒಂದೂ ತಾಗದ ಹೊಸ ಗವಸುಗಳು. ನಮ್ಮಲ್ಲಿ ಅವು ಹರಿದು ಚಿಂದಿಯಾಗುವವರೆಗೆ ಯಾರೂ ಬದಲಿಸುವುದಿಲ್ಲ ಎಂದು ಅವಳಿಗೂ ಗೊತ್ತು.

"ಏನೂ ಆಗ್ಲಿಲ್ಲ" ಎಂದ ಮಟ್ಟಣ್ಣ. ಆಮೇಲೆ, "ಅಲ್ಲಿ ನನ್ನ ಕೈನ ಯಾರೂ ನೋಡ್ತಿರ್ಲಿಲ್ಲಮ್ಮ" ಎಂದ.

ಅವಳು ಪಟ್ಟಿ ಬಿಗಿದುಕೊಂಡು ಏಣಿ ಹತ್ತಿದಳು.

ಅವತ್ತಿನ ಮುಚ್ಚಳ ಸಣ್ಣದು. ಕೊನೆಯ ಗೇಣಿಗೆ ಬಂದಾಗ ಮಟ್ಟಣ್ಣ ಕ್ಯಾಬಿನ್ನಿಗೆ ಎದುರಾಗಿ, ಬಯಲಿನಲ್ಲಿ ನಿಂತಿದ್ದ. ಯಾರೂ ಕೇಳದೆಯೇ ಒಂದು ಹೆಜ್ಜೆ ಹಿಂದೆ ಸರಿದು ಎರಡೂ ಕೈಗಳನ್ನು ಭುಜದ ಮಟ್ಟಕ್ಕೆ ಎತ್ತಿ ಅವಳಿಗೆ ತೋರಿಸಿದ. ಈ ಸಲ ಯಾರೂ ನಗಲಿಲ್ಲ. ಆದರೂ ಲೋಡು ಇಳಿಯಲಿಲ್ಲ. ನಾನು ತಲೆಯೆತ್ತಿ ನೋಡಿದೆ. ಗಾಜಿನ ಹಿಂದೆ ಸೊಸೆ ತೋಳಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು, ಒರೆಸಿದಷ್ಟೂ ಮತ್ತೆ ತುಂಬಿಕೊಳ್ಳುತ್ತಿದ್ದವು. ಕಣ್ಣು ಸರಿಯಾಗಿ ಕಾಣದೆ ಅವಳು ಇಳಿಸುವವಳಲ್ಲ. ಮಟ್ಟಣ್ಣನಿಗೆ ಅದು ಗೊತ್ತಿತ್ತು. ಅವಳಿಗೆ ಕಾಣುವವರೆಗೆ ಅವನು ಎರಡೂ ಕೈ ಎತ್ತಿಕೊಂಡೇ ನಿಂತಿದ್ದ.